ಫಟಫಟಿಯ ಹಣೆ

ನಿಂತುಹೋದ ಯಾವ ವಸ್ತುವನ್ನು ಕಂಡರೂ ಅದರ ಮುಚ್ಚಳ ತೆಗೆದು, ಒಂದು ಕಣ್ಣು ಮುಚ್ಚಿ, ಒಳಗೆ ಇಣುಕುವವರ ಪೈಕಿ ನಾನೂ ಒಬ್ಬ. ಗಡಿಯಾರ ನಿಂತರೆ ಅದರ ಬೆನ್ನಿನ ತಗಡು ಬಿಚ್ಚುತ್ತೇನೆ. ಭಜನೆಯ ಮಧ್ಯೆ ಹಾರ್ಮೋನಿಯಂ ಕೆಮ್ಮಿದರೆ ಹಾಡುವವರನ್ನು ಪಕ್ಕಕ್ಕೆ ಸರಿಸಿ ಅದರ ಹೊಟ್ಟೆಗೆ ಕೈ ಹಾಕುತ್ತೇನೆ. ಇಣುಕಿದಾಗ ಏನು ಕಾಣಿಸುತ್ತದೆ ಎಂದು ಮಾತ್ರ ಕೇಳಬೇಡಿ. ಏನೂ ಕಾಣಿಸುವುದಿಲ್ಲ. ಆದರೂ ಸುತ್ತ ನಿಂತವರ ಮುಖ ನೋಡಿ "ಹ್ಞೂಂ" ಎಂದು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಮುಚ್ಚಳ ಮುಚ್ಚುತ್ತೇನೆ. ನಿಂತದ್ದು ನಿಂತೇ ಇರುತ್ತದೆ. ಇಡೀ ಆಯುಷ್ಯದಲ್ಲಿ ನಾನು ಇಣುಕಿದ್ದಕ್ಕೆ ಮರ್ಯಾದೆ ಕೊಟ್ಟು ಎದ್ದು ಓಡಿದ್ದು ಒಂದೇ ಒಂದು ವಾಹನ. ಅದರಿಂದ ನನಗೆ ಬಂದ ಹೆಮ್ಮೆಯಲ್ಲಿ, ಒಬ್ಬ ಮುದುಕಿ ತನ್ನ ಮೊಮ್ಮಗಳ ಮುಖ ನೋಡದೆಯೇ ಕಣ್ಣು ಕಳೆದುಕೊಳ್ಳುವ ಹಾಗಾಗಿತ್ತು. ಆ ಕಥೆಯನ್ನು ಇಷ್ಟು ವರ್ಷ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದಾಗಲೆಲ್ಲ ನನಗೆ ಅನುಕೂಲವಾಗುವಂತೆ ತಿದ್ದಿ ಹೇಳಿದ್ದೇನೆ. ಇವತ್ತು ತಿದ್ದದೆ ಹೇಳುತ್ತೇನೆ.

ಇದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಮ್ಮ ಆದವಾನಿ ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಮ್ಮ ದೊಡ್ಡಪ್ಪನದು ಹತ್ತಿ ವ್ಯಾಪಾರ. ಹೊಲದಲ್ಲಿ ಕಾಯಿ ಒಡೆಯುವ ಕಾಲಕ್ಕೆ ಹಳ್ಳಿಹಳ್ಳಿ ತಿರುಗಿ, ಹತ್ತಿಯನ್ನು ಬೆರಳಲ್ಲಿ ಹಿಡಿದು ಎಳೆದು, ಎಳೆ ಎಷ್ಟು ಉದ್ದವಿದೆ ಎಂದು ನೋಡಿ, ಒಂದೊಂದು ಹಿಡಿ ಮಾದರಿಯನ್ನು ಚೀಟಿ ಸಮೇತ ತರುವುದು ನನ್ನ ಕೆಲಸ. ಅದುವರೆಗೆ ಸೈಕಲ್ಲಿನಲ್ಲಿ ತಿರುಗುತ್ತಿದ್ದೆ. ಆ ವರ್ಷ ಊರಿನ ಹತ್ತಿ ಗಿರಣಿಯ ಬಿಳಿಯ ಇಂಜಿನಿಯರು ತನ್ನ ದೇಶಕ್ಕೆ ಹೊರಟು ನಿಂತಾಗ, ಅವನ ಮೋಟಾರ್ ಸೈಕಲ್ಲನ್ನು ದೊಡ್ಡಪ್ಪ ನನಗಾಗಿ ಕೊಂಡರು. ಊರಿನ ಬಾಯಲ್ಲಿ ಅದು ಫಟಫಟಿ. ಅದರ ಎಡಮಗ್ಗುಲಿಗೆ ಒಂಟಿ ಗಾಲಿಯ ಮೇಲೆ ಕೂಡುವ ತೊಟ್ಟಿಲೊಂದು ಅಂಟಿಕೊಂಡಿತ್ತು. ಆ ದೊರೆ ಅದರಲ್ಲಿ ತನ್ನ ನಾಯಿಯನ್ನು ಕೂರಿಸಿಕೊಂಡು ತಿರುಗುತ್ತಿದ್ದುದನ್ನು ಊರೆಲ್ಲ ನೋಡಿತ್ತು. ಅವ್ವ ಅದನ್ನು ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆಸಿದ ಮೇಲೆಯೇ ಗಾಡಿ ನಮ್ಮ ಅಂಗಳ ತುಳಿದದ್ದು.

ಅವ್ವನಿಗೆ ಆ ಗಾಡಿಯೆಂದರೆ ಒಳಗೊಳಗೇ ನಡುಕ. ಆದರೆ ದೊಡ್ಡಪ್ಪನ ಎದುರಿಗೆ ಮಾತಾಡುವಂತಿಲ್ಲ. ಆಕೆಗಿದ್ದ ಆಸರೆ ಒಂದೇ, ವಿಭೂತಿ. ಎತ್ತು ಬಂದರೆ ಎತ್ತಿನ ಹಣೆಗೆ, ಹೊಸ ತಕ್ಕಡಿ ಬಂದರೆ ಅದರ ದಂಡಿಗೆ, ಹೊಲಿಗೆ ಯಂತ್ರ ಬಂದರೆ ಅದರ ಕುತ್ತಿಗೆಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಫಟಫಟಿಯ ವಿಷಯದಲ್ಲಿ ಒಂದು ತೊಡಕು ಬಂತು. ಅದರ ಹಣೆ ಯಾವುದು? ಅಂಗೈಯಲ್ಲಿ ವಿಭೂತಿ ಕಲಸಿಕೊಂಡು ಅವ್ವ ಗಾಡಿಯ ಸುತ್ತ ಮೂರು ಸುತ್ತು ಬಂದಳು. ಕೊನೆಗೆ ಪೆಟ್ರೋಲ್ ಟಾಂಕಿಯ ನೆತ್ತಿಯ ಮೇಲೆ ಹೊಳೆಯುತ್ತಿದ್ದ ದುಂಡನೆಯ ಹಿತ್ತಾಳೆ ಮುಚ್ಚಳ ಆಕೆಯ ಕಣ್ಣಿಗೆ ಬಿತ್ತು. "ಇದಾ ನೋಡು ಇದರ ಹಣಿ!" ಎಂದು ಮೂರು ಬೆರಳು ಎಳೆದು, ನಡುವೆ ಕುಂಕುಮವಿಟ್ಟು, ಕೈ ಮುಗಿದಳು. ಅಂದಿನಿಂದ ನಾನು ಹೊರಟಾಗಲೆಲ್ಲ ಆ ಹಣೆಗೆ ವಿಭೂತಿ ತಪ್ಪಲಿಲ್ಲ. ಹಳೆಯದರ ಮೇಲೆ ಹೊಸದು ಕೂತು, ತಿಂಗಳೊಪ್ಪತ್ತಿನಲ್ಲಿ ಹಿತ್ತಾಳೆಯೇ ಕಾಣದ ಹಾಗೆ ಮುಚ್ಚಳ ಬೆಳ್ಳಗಾಯಿತು.

ದೊರೆಯ ಕೈಯಲ್ಲಿ ಒಂದು ದಿನವೂ ನಿಲ್ಲದ ಗಾಡಿ ನನ್ನ ಕೈಯಲ್ಲಿ ಐದಾರು ಮೈಲಿಗೊಮ್ಮೆ ನಿಲ್ಲತೊಡಗಿತು. ನಿಲ್ಲುವುದೆಂದರೆ ಫಟ್ಟನೆ ಅಲ್ಲ. ಮೊದಲು ಒಂದೆರಡು ಬಿಕ್ಕಳಿಕೆ, ಆಮೇಲೆ ನಿಟ್ಟುಸಿರು, ಆಮೇಲೆ ಮೌನ. ಅದಕ್ಕೆ ಕನ್ನಡ ತಿಳಿಯುವುದಿಲ್ಲ ಎಂದರು ಕೆಲವರು. ನಾಯಿಯ ನೆನಪಾಗಿ ನಿಲ್ಲುತ್ತದೆ ಎಂದರು ಇನ್ನು ಕೆಲವರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ನನ್ನ ಚಿಕಿತ್ಸೆ ಶಾಸ್ತ್ರೀಯವಾಗಿತ್ತು. ಮೊದಲು ಎಂಜಿನು ತಣಿಯಲೆಂದು ಕಾಯುವುದು. ಆಮೇಲೆ ಕಿಡಿ ಹಾರಿಸುವ ಪ್ಲಗ್ಗನ್ನು ಬಿಚ್ಚಿ ಉಜ್ಜುವುದು. ಆಮೇಲೆ ಪೆಟ್ರೋಲ್ ಬಂದು ಸೇರುವ ಕಾರ್ಬರೇಟರಿಗೆ ನಾಲ್ಕು ಸಲ ಬೆರಳಲ್ಲಿ ತಟ್ಟುವುದು. ಕಟ್ಟಕಡೆಗೆ, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟಾಂಕಿಯ ಮುಚ್ಚಳ ತೆಗೆದು ಒಂದು ಕಣ್ಣಿನಿಂದ ಇಣುಕಿ ಮುಚ್ಚುವುದು. ಇಷ್ಟಾಗಿ ಒದ್ದರೆ ಗಾಡಿ ಮೊದಲ ಒದೆತಕ್ಕೇ ಏಳುತ್ತಿತ್ತು! ಇದರಲ್ಲಿ ಯಾವುದರಿಂದ ಗುಣವಾಯಿತೆಂದು ನಾನು ಒಂದೊಂದನ್ನೇ ಬಿಟ್ಟು ನೋಡಲಿಲ್ಲ. ಒಂದು ಬಿಟ್ಟರೆ ಎಲ್ಲಿ ಕೆಡುತ್ತದೋ ಎಂಬ ಭಯ. ಅವ್ವನ ವಿಭೂತಿಯನ್ನು ಕಂಡು ಮೀಸೆಯಲ್ಲಿ ನಗುತ್ತಿದ್ದ ನಾನು ನನ್ನದೇ ಒಂದು ಪೂಜಾವಿಧಿ ಕಟ್ಟಿಕೊಂಡು ಕೂತಿದ್ದೆ.

ಗಿರಣಿಯ ಯಂತ್ರಗಳನ್ನು ರಿಪೇರಿ ಮಾಡುವ ಖಾಸಿಂ ಸಾಬರಿಗೂ ತೋರಿಸಿದೆ. ಅವರು ಪುಣ್ಯಾತ್ಮರು, ಇಡೀ ಒಂದು ಶುಕ್ರವಾರ ನಮಾಜಿನ ಹೊತ್ತೊಂದನ್ನು ಬಿಟ್ಟು ಗಾಡಿಯ ಹತ್ತಿರವೇ ಕೂತರು. ಕೂತ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಟಾಂಕಿಯ ಮುಚ್ಚಳ ತೆಗೆದು, ಶುದ್ಧವಾದ ಬಟ್ಟೆ ಹಾಸಿ, ಗೂಡಿನಲ್ಲಿ ಎತ್ತಿಟ್ಟದ್ದು. ಎಣ್ಣೆಗೈ ತಾಗಬಾರದೆಂದು. ಮುಚ್ಚಳವಿಲ್ಲದ ಗಾಡಿ ಸಂಜೆಯವರೆಗೂ ಒಂದೇ ಉಸಿರಿನಲ್ಲಿ ಗುಡುಗುಡು ಎಂದಿತು. "ಕುಛ್ ನಹೀ ಐತ್ರಿ ಅಪ್ಪಾರ, ಬಿಲ್ಕುಲ್ ಚಂಗಾ ಐತಿ," ಎಂದರು. ಗಾಡಿಯ ಮೈಯನ್ನೆಲ್ಲ ಹೊಳೆಯುವಂತೆ ಒರೆಸಿಕೊಟ್ಟಿದ್ದರು. ಮುಚ್ಚಳವೊಂದನ್ನು ಮಾತ್ರ ಹಾಗೇ ಬಿಟ್ಟಿದ್ದರು. "ಅದು ಅಮ್ಮಾರ ಕೈ ವಿಭೂತಿ. ಒರಸಾಕ ನಾನ್ಯಾರ್ರೀ?" ಎಂದರು. ಅವರ ಆ ದೊಡ್ಡತನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗಾಡಿ ಮರುದಿನ ಆರನೆಯ ಮೈಲಿಯಲ್ಲಿ ನಿಂತಿತು.

ಈಗ ನನ್ನ ಹೆಂಡತಿ ಈರಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಮದುವೆಯಾಗಿ ಆಗ ಆರು ತಿಂಗಳು. ಹದಿನೆಂಟು ಜನರ ಮನೆ. ಹಿರಿಯರ ಎದುರಿಗೆ ಗಂಡಹೆಂಡಿರು ಮಾತಾಡುವುದು ನಾಚಿಕೆಗೇಡು ಎನ್ನುವ ಕಾಲ. ಆರು ತಿಂಗಳಲ್ಲಿ ನಾನು ಆಕೆಗೆ ಆಡಿದ ಮಾತುಗಳನ್ನು ಪೋಣಿಸಿದರೆ "ನೀರು", "ಸಾಕು", "ಹ್ಞೂಂ", ಇಷ್ಟೇ. ಆಕೆಯೂ ತಲೆಬಾಗಿಲಿನ ಹಿಂದೆ ನಿಂತು ಬಳೆ ಸದ್ದು ಮಾಡುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆಕೆಯ ತವರು ದೇವನಕೊಂಡ. ತಾಯಿಯಿಲ್ಲದ ಆಕೆಯನ್ನು ಬೆಳೆಸಿದ್ದು ಅಜ್ಜಿ. ಆ ಅಜ್ಜಿಯ ಕಣ್ಣಿಗೆ ಪೊರೆ ಬಂದು ದಿನದಿನಕ್ಕೆ ಮಬ್ಬಾಗುತ್ತಿತ್ತು. "ಕಣ್ಣು ಪೂರಾ ಹೋಗೋದ್ರಾಗ ನಮ್ಮ ಹುಡುಗಿ ಮುಖ ಒಮ್ಮೆ ನೋಡ್ತೀನಿ" ಎಂದು ಅಜ್ಜಿ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ್ದಳು. ದೇವನಕೊಂಡಕ್ಕೆ ರೈಲಿಲ್ಲ, ಬಸ್ಸಿನ್ನೂ ಆ ಕಡೆ ತಲೆ ಹಾಕಿರಲಿಲ್ಲ. ಬಂಡಿಯಲ್ಲಿ ಹೋಗಿಬರಲು ನಾಲ್ಕು ದಿನ ಬೇಕು. ಹತ್ತಿಯ ಕಾಲದಲ್ಲಿ ಎತ್ತು ಬಿಡುವವರು ಯಾರು, ಜೊತೆಗೆ ಹೋಗುವವರು ಯಾರು? ಆಕೆ ಅಳಲಿಲ್ಲ, ಕೇಳಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಮೆಲ್ಲಗಾಯಿತು. ಅದು ಅವ್ವನಿಗೆ ತಿಳಿಯಿತು.

"ಈರಮ್ಮನ್ನ ನಿನ್ನ ಫಟಫಟ್ಯಾಗ ಕರಕೊಂಡು ಹೋಗಿ ಬಾರಪ್ಪಾ," ಎಂದಳು ಅವ್ವ ಒಂದು ದಿನ. ನಾನು ಕಿವಿಯನ್ನೇ ನಂಬಲಿಲ್ಲ. "ಆ ಮುದುಕಿ ಕಣ್ಣಾಗ ಜೀವ ಇಟ್ಕೊಂಡು ಕುಂತಾಳ. ಮಂದಿ ಏನರ ಅನ್ಲಿ. ಆದ್ರ ದೀಪ ಹಚ್ಚೋ ಹೊತ್ತಿಗೆ ಮನ್ಯಾಗಿರಬೇಕು. ಆ ಗಾಡಿ ನಂಬಿ ಕತ್ತಲಾಗ ಬರಬ್ಯಾಡ."

ಹೊರಟೆವು. ಆಕೆ ತಲೆಯ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ರೊಟ್ಟಿ ಗಂಟು, ಮಜ್ಜಿಗೆ ಚೊಂಬು ಇಟ್ಟುಕೊಂಡು ತೊಟ್ಟಿಲಲ್ಲಿ ಕೂತಳು. ಅವ್ವ ಎರಡು ಪಾಲು ವಿಭೂತಿ ಹಚ್ಚಿದಳು. ಆರನೆಯ ಮೈಲಿಯಲ್ಲಿ, ಕಪ್ಪು ಹೊಲಗಳ ನಡುವೆ ಒಂಟಿಯಾಗಿ ನಿಂತ ಬೇವಿನಮರದ ಹತ್ತಿರ ಗಾಡಿ ಬಿಕ್ಕಿ, ನಿಟ್ಟುಸಿರಿಟ್ಟು ನಿಂತಿತು. ಹೆಂಡತಿಯ ಎದುರಿಗೆ ಅಪಮಾನವಾದರೂ ವಿದ್ಯೆ ತೋರಿಸಲು ಸಂದರ್ಭ ಸಿಕ್ಕಿತಲ್ಲ ಎಂದು ಸಮಾಧಾನವೂ ಆಯಿತು. ಎಂಜಿನು ತಣಿಯುವವರೆಗೆ ಮರದಡಿ ಕೂತೆವು. ಹತ್ತು ನಿಮಿಷ ಇಬ್ಬರೂ ದಾರಿಯನ್ನೇ ನೋಡಿದೆವು. ಆಮೇಲೆ ಆಕೆ ಮೆಲ್ಲಗೆ, "ನಿಮಗ ಹೀರೀಕಾಯಿ ಪಲ್ಯ ಅಂದ್ರ ಭಾಳ ಇಷ್ಟ ಅಲ್ರೀ?" ಎಂದಳು.

ನನಗೆ ಹೀರೆಕಾಯಿ ಕಂಡರೆ ಆಗುವುದಿಲ್ಲ. "ಯಾರು ಹೇಳಿದ್ರು?" ಎಂದೆ.

"ಯಾರೂ ಹೇಳಿಲ್ರಿ. ಬಡಿಸಿದಷ್ಟೂ ಸುಮ್ನ ಉಣ್ತೀರಲ್ಲ?"

"ನೀ ಬಡಿಸ್ತೀ ಅಂತ ಉಣ್ತೀನಿ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಕೆಗೂ ಹೀರೆಕಾಯಿ ಸೇರದಂತೆ! ನನ್ನ ಸಲುವಾಗಿ ವಾರಕ್ಕೆರಡು ಸಲ ಹೆಚ್ಚಿ, ಬೇಯಿಸಿ, ಕಣ್ಣುಮುಚ್ಚಿ ತಾನೂ ನುಂಗುತ್ತಿದ್ದಳಂತೆ. ಆರು ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಮಾಡಿದ ಉಪಕಾರ ಅದು. ಆಮೇಲೆ ಮಾತು ತಾನಾಗಿ ಬಂತು. ಅಜ್ಜಿ ಆಕೆಗೆ ತೆಲುಗಿನಲ್ಲಿ ಬಯ್ದು ಕನ್ನಡದಲ್ಲಿ ಮುದ್ದುಮಾಡುತ್ತಿದ್ದದ್ದು, ನಾನು ಸೈಕಲ್ಲು ಕಲಿಯುವಾಗ ಸಗಣಿ ತಿಪ್ಪೆಗೆ ಬಿದ್ದದ್ದು, ಎಲ್ಲ. ನಾನು ಪ್ಲಗ್ಗು ಉಜ್ಜಿ, ಕಾರ್ಬರೇಟರು ತಟ್ಟಿ, ಮುಚ್ಚಳ ತೆಗೆದು ಇಣುಕಿದೆ. ತೊಟ್ಟಿಲ ಹತ್ತಿರ ನಿಂತಿದ್ದ ಆಕೆ, "ಮುಚ್ಚಳ ತಗದಾಗ ಸುಸ್ ಅಂತ ಸಪ್ಪಳ ಬಂತಲ್ರೀ, ಅದೇನದು?" ಎಂದಳು.

"ಅದು ಪೆಟ್ರೋಲಿನ ಸದ್ದು. ನಿನಗ ತಿಳಿಯಂಗಿಲ್ಲ," ಎಂದೆ. ಈ ಮಾತನ್ನೇ ನಾನು ಇಷ್ಟು ವರ್ಷ ಕಥೆಯಿಂದ ಬಿಟ್ಟುಬಿಡುತ್ತಿದ್ದದ್ದು.

ಎರಡು ಸಲ ನಿಂತು ಆಸ್ಪರಿಯ ಹತ್ತಿರ ಬರುವಷ್ಟರಲ್ಲಿ ಮೂರನೆಯ ಸಲ ನಿಂತಿತು. ಅಲ್ಲಿ ಪ್ಲಗ್ಗಿನ ಸಣ್ಣ ಬಳೆ ಕೈ ಜಾರಿ ಮಣ್ಣಿನಲ್ಲಿ ಬಿತ್ತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಸಿಗುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಇನ್ನೂ ಅರ್ಧ ದಾರಿ. ಅವ್ವನಿಗೆ ಕೊಟ್ಟ ಮಾತು ಬೇರೆ. ನಾನು ಗಾಡಿಯನ್ನು ಹಿಂದಕ್ಕೆ ತಿರುಗಿಸಿದೆ. ಆಕೆ ದೇವನಕೊಂಡದ ಕಡೆಗೊಮ್ಮೆ ನೋಡಿ, ಅಜ್ಜಿಗೆಂದು ತಂದ ಬೆಲ್ಲದ ಉಂಡೆಯ ಗಂಟನ್ನು ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿದಳು. ಮೊಣಕಾಲಿನವರೆಗೆ ಮಣ್ಣಾದ ಆಕೆಯ ಸೀರೆ ನೋಡಲಾರದೆ ಮನೆಯವರೆಗೂ ನಾನು ಮುಂದಿನ ದಾರಿಯನ್ನೇ ನೋಡಿದೆ.

"ಗಾಡಿಗೆ ಯಾರದೋ ಕಣ್ಣು ಬಿದ್ದೈತಿ," ಎಂದು ತೀರ್ಮಾನಿಸಿದಳು ಅವ್ವ. ಮುಂದಿನ ಸೋಮವಾರ ಮತ್ತೆ ಹೊರಟಾಗ ಆಕೆ ಹಚ್ಚಿದ್ದು ವಿಭೂತಿಯಲ್ಲ, ಗಿಲಾವು. ಅಂಗೈ ತುಂಬ ಗಟ್ಟಿಯಾಗಿ ಕಲಸಿ, ಸಂದಿಗೊಂದಿ ಬಿಡದೆ ಮೆತ್ತಿದಳು. ಫಲವಾಗಿ ಗಾಡಿ ಆರನೆಯ ಮೈಲಿಯ ಬೇವಿನಮರವನ್ನೂ ಮುಟ್ಟಲಿಲ್ಲ. ಮೂರನೆಯ ಮೈಲಿಯಲ್ಲೇ ನಿಂತಿತು.

ನಾನು ಪ್ಲಗ್ಗಿಗೆ ಕೈ ಹಾಕಿದೆ. ಆಕೆ ತೊಟ್ಟಿಲಿನಿಂದ ಇಳಿದು ಬಂದು, "ಅದನ್ನ ಬಿಡ್ರಿ," ಎಂದಳು. ತುರುಬಿನಿಂದ ಪಿನ್ನು ತೆಗೆದಳು. ಮುಚ್ಚಳವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಉಗುರಿನಿಂದ ಅದರ ಮೇಲಿನ ವಿಭೂತಿಯ ಪದರನ್ನು ಅಂಗೈಗೆ ಕೆರೆದುಕೊಂಡಳು. ಹಿತ್ತಾಳೆ ಕಂಡಿತು. ಹಿತ್ತಾಳೆಯ ನಟ್ಟನಡುವೆ, ಸಾಸಿವೆ ಕಾಳಿಗಿಂತ ಚಿಕ್ಕದೊಂದು ತೂತಿತ್ತು! ಅದರೊಳಗೂ ವಿಭೂತಿ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಆಕೆ ಪಿನ್ನಿನ ತುದಿಯಿಂದ ಅದನ್ನು ಚುಚ್ಚಿದಳು. ಸುಸ್ ಎಂದು ಗಾಡಿ ಉಸಿರೆಳೆದುಕೊಂಡಿತು.

"ಚಿಮಣಿ ಎಣ್ಣಿ ಡಬ್ಬಿಗೆ ಒಂದಾ ತೂತು ಹೊಡದ್ರ ಎಣ್ಣಿ ಬೀಳ್ತೈತೇನ್ರೀ?" ಎಂದಳು. "ಗಾಳಿ ಹೋಗಾಕ ಇನ್ನೊಂದು ತೂತು ಬೇಕು. ಅದನ್ನ ಬೆರಳಿಲೆ ಮುಚ್ಚಿದ್ರ ಧಾರಿ ನಿಂತುಹೋಗ್ತೈತಿ. ಇದೂ ಡಬ್ಬೀನಾ ಅಲ್ರೀ?"

ಹೌದು, ಡಬ್ಬಿಯೇ. ಎಣ್ಣೆಯ ಡಬ್ಬಿಗೆ ಎರಡು ತೂತು ಬೇಕೆಂಬುದು ನಮ್ಮ ಮನೆಯ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಡಬ್ಬಿಯಿಂದ ಎಣ್ಣೆ ಬಗ್ಗಿಸಿ ಗೊತ್ತಿಲ್ಲದವನು ನಾನೊಬ್ಬನೇ. "ನಿನಗ ಯಾವಾಗ ತಿಳೀತು?" ಎಂದೆ.

"ಹ್ವಾದ ವಾರಾನ. ಮನ್ಯಾಗ ದೀಪಕ್ಕ ಎಣ್ಣಿ ಹಾಕೋವಾಗ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೆಂಗ ಹೇಳಲ್ರೀ? ಅತ್ತಿಯವ್ರು ಮಗ ಸುಖವಾಗಿ ಬರ್ಲಿ ಅಂತ ಹಚ್ಚಿದ್ದು. ಅದರಿಂದಾನ ಗಾಡಿ ನಿಲ್ತೈತಿ ಅಂತ ನಾ ಹೆಂಗ ಅನ್ಲಿ? ಅಜ್ಜಿ ನೆನಪು ಬಂದು ನಾಕು ಸಲ ಬಾಯಿತನ ಬಂದಿತ್ರಿ. ನುಂಗಿದೆ." ತಲೆ ತಗ್ಗಿಸಿ, "ನಿಮಗಾದ್ರೂ ಹೇಳ್ಬೇಕಂದ್ರ, ಗಾಡಿ ನಿಂತಾಗ ಅಷ್ಟಾ ನೀವು ಮಾತಾಡ್ತೀರಿ," ಎಂದಳು.

ಅಂಗೈಯಲ್ಲಿದ್ದ ವಿಭೂತಿಯನ್ನು ಆಕೆ ಚೆಲ್ಲಲಿಲ್ಲ. ತನ್ನ ಹಣೆಗೆ ಹಚ್ಚಿಕೊಂಡಳು. ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದದ್ದನ್ನು ಮೂರು ಬೆರಳಿನಲ್ಲಿ ನನ್ನ ಹಣೆಗೆ ಎಳೆದಳು. ಹಗಲು ಬೆಳಕಿನಲ್ಲಿ ಆಕೆ ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ನನಗೆ ಏನು ಮಾಡಬೇಕೋ ತೋಚದೆ ಗಾಡಿಯನ್ನು ಒದ್ದೆ. ಅದು ದೇವನಕೊಂಡದವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಅಜ್ಜಿ ಕಟ್ಟೆಯ ಮೇಲೆ ಕೂತು ಸದ್ದು ಬಂದ ಕಡೆ ಮುಖ ಮಾಡಿದ್ದಳು. "ವಚ್ಚಿನಾವಾ ತಲ್ಲೀ, ಈಗ ಬಂದ್ಯಾ ತಾಯೀ!" ಎಂದು ಎದ್ದು, ಮೊಮ್ಮಗಳ ಗಲ್ಲ ಹಿಡಿದು ಬಿಸಿಲಿಗೆ ಎಳೆದು ನಿಲ್ಲಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬಹಳ ಹೊತ್ತು ನೋಡಿದಳು. "ಕಂಡೆ ನನ್ನವ್ವಾ, ಮೂಗುಬೊಟ್ಟು ಕಾಣ್ತೈತಿ, ಹುಬ್ಬು ಕಾಣ್ತೈತಿ, ಇಷ್ಟು ತೆಳ್ಳಗಾಗೀದಿ ಅನ್ನೋದೂ ಕಾಣ್ತೈತಿ," ಎಂದಳು. ನನ್ನ ಹೆಂಡತಿ ಆರು ತಿಂಗಳ ಅಳುವನ್ನೆಲ್ಲ ಅಲ್ಲೇ ಅತ್ತಳು. ಅಷ್ಟರಲ್ಲಿ ಅಜ್ಜಿ ಆಕೆಯ ಹಣೆಯ ಹತ್ತಿರ ಮೂಗು ತಂದು, "ಇದ್ಯಾವ ಮಠದ ವಿಭೂತಿಯವ್ವಾ, ಚಿಮಣಿ ಎಣ್ಣಿ ವಾಸನಿ ಹೊಡೀತೈತಿ?" ಎಂದಳು. ಆಮೇಲೆ ನನ್ನನ್ನೂ ಮೂಸಿ ನೋಡಿ, ಏನೋ ಅರ್ಥವಾದವಳಂತೆ ನಕ್ಕಳು.

ಇನ್ನು ಉಳಿದದ್ದು ಅವ್ವ. ಆಕೆಗೆ ನೋವಾಗದಂತೆ ಹೇಳುವುದು ಹೇಗೆ? ನಾನು ದಾರಿಯುದ್ದಕ್ಕೂ ಭಾಷಣವೊಂದನ್ನು ಸಿದ್ಧಮಾಡಿಕೊಂಡು ಬಂದೆ. ಅದಕ್ಕೆ ಅವಕಾಶವೇ ಸಿಗಲಿಲ್ಲ. ಮನೆಗೆ ಬಂದ ಮರುದಿನ ಅವ್ವ ವಿಭೂತಿ ಕಲಸುತ್ತಿದ್ದಾಗ ನಮ್ಮಾಕೆ ಪಕ್ಕದಲ್ಲಿ ಕೂತು, "ಅತ್ತೀ, ಎತ್ತಿಗೆ ಕಣ್ಣಿನ ಮ್ಯಾಲಲ್ರೀ ಹಣಿ ಇರೋದು? ಈ ಗಾಡಿಗೆ ಕಣ್ಣಂದ್ರ ಮುಂದಿನ ದೀಪ. ನಾವು ಹಚ್ಚೋದು ಅದರ ಬಾಯಿಗೆ ಆಗೈತೇನೋ ಅನಸ್ತೈತಿ. ಅಲ್ಲಿಂದಾನ ಅದು ಎಣ್ಣಿ ಕುಡ್ಯೋದು," ಎಂದಳು.

ಅವ್ವನ ಕೈ ಅಲ್ಲೇ ನಿಂತಿತು. "ಅಯ್ಯ ಶಿವನ! ಬಾಯಿಗೆ ವಿಭೂತಿ ಮೆತ್ತಿದ್ನೇನ ಇಷ್ಟು ದಿನ? ಅದಕ್ಕಾ ಉಸುರುಗಟ್ಟಿ ನಿಲ್ತಿತ್ತು ಪಾಪ!" ಎಂದು ಗಾಡಿಯ ಹತ್ತಿರ ಹೋಗಿ ಗಲ್ಲ ಗಲ್ಲ ಬಡಿದುಕೊಂಡು ತಪ್ಪೊಪ್ಪಿಕೊಂಡಳು. ಖಾಸಿಂ ಸಾಬರಿಗೆ, ನನಗೆ ತಿಂಗಳುಗಟ್ಟಲೆ ತಿಳಿಯದ ರೋಗದ ಮೂಲ ಅವ್ವನಿಗೆ ಒಂದೇ ಮಾತಿನಲ್ಲಿ ತಿಳಿಯಿತು. 'ಕಣ್ಣಿನ ಮ್ಯಾಲ' ಎಂದದ್ದನ್ನು ಅವ್ವ ಅಕ್ಷರಶಃ ಹಿಡಿದಳಾಗಿ, ಅಂದಿನಿಂದ ವಿಭೂತಿ ದೀಪದ ಗಾಜಿಗೇ ಬಂತು. ಮೂರು ಬೆರಳಿನ ವಿಭೂತಿಯ ಹಿಂದೆ ದೀಪ ಎಷ್ಟು ಉರಿದರೂ ಎರಡು ಮಾರು ಕಾಣುತ್ತಿರಲಿಲ್ಲವಾಗಿ ನಾನು ಕತ್ತಲಾಗುವ ಮುಂಚೆಯೇ ಮನೆ ಸೇರಬೇಕಾಯಿತು. ಅವ್ವ ದೇವರಲ್ಲಿ ಬೇಡಿಕೊಂಡದ್ದೂ ಅಷ್ಟನ್ನೇ.

ಆ ಮೇಲೆ ಗಾಡಿ ನಿಲ್ಲುವುದನ್ನೇ ಮರೆತುಬಿಟ್ಟಿತು. ತಿಂಗಳಿಗೊಮ್ಮೆ ಅಜ್ಜಿಯನ್ನು ನೋಡಿಬರಲು ಅವ್ವ ಒಪ್ಪಿದಳು. ಮುಂದಿನ ಸಲ ಹೊರಟಾಗ ಮೂರನೆಯ ಮೈಲಿ ಹೋಯಿತು, ಆರನೆಯ ಮೈಲಿ ಬಂತು. ನನಗೆ ಆಕೆಗೆ ಹೇಳಲು ಒಂದು ಹೊರೆ ಮಾತಿತ್ತು. ಮನೆಯಲ್ಲಿ ಆಡುವಂತಿಲ್ಲ, ಫಟಫಟಿಯ ಗದ್ದಲದಲ್ಲಿ ಕೇಳಿಸುವಂತಿಲ್ಲ. ದೂರದಲ್ಲಿ ಬೇವಿನಮರ ಕಾಣಿಸಿತು. ಪೆಟ್ರೋಲ್ ಇಳಿಯುವ ನಲ್ಲಿ ಟಾಂಕಿಯ ಕೆಳಗೆ ಎಡಗಡೆಗಿತ್ತು. ಧೋತರ ಸರಿಪಡಿಸಿಕೊಳ್ಳುವವನಂತೆ ಕೈ ಇಳಿಸಿ ಅದನ್ನು ಮೆಲ್ಲಗೆ ತಿರುವಿಬಿಟ್ಟೆ. ಒಳಗಿದ್ದಷ್ಟನ್ನು ಕುಡಿದು ಮುಗಿಸಿ, ಗಾಡಿ ಬಿಕ್ಕಿ, ನಿಟ್ಟುಸಿರಿಟ್ಟು, ಸರಿಯಾಗಿ ಮರದ ನೆರಳಲ್ಲಿ ನಿಂತಿತು.

"ಇದೇನಪ್ಪಾ ಮತ್ತ ಶುರುವಾತು!" ಎಂದು ನಾನು ಹುಬ್ಬು ಗಂಟಿಕ್ಕಿ ಇಳಿದೆ. ಮುಚ್ಚಳ ತೆಗೆದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಒಳಗೆ ಇಣುಕಿ, ಗಂಭೀರವಾಗಿ "ಹ್ಞೂಂ" ಎಂದೆ. ತಲೆ ಎತ್ತಿದಾಗ ತೊಟ್ಟಿಲು ಖಾಲಿಯಾಗಿತ್ತು. ಆಕೆ ಆಗಲೇ ಮರದ ಬುಡದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಆ ತೊಟ್ಟಿಲಲ್ಲಿ ಕೂತವರ ಕಣ್ಣಿನ ಮಟ್ಟಕ್ಕೇ ಪೆಟ್ರೋಲ್ ನಲ್ಲಿ ಬರುತ್ತದೆಂಬುದು ನನಗೆ ಹೊಳೆದದ್ದು ಆಗ.

"ನಲ್ಲಿ ತಿರುವಿದ್ದು ನೋಡೀನಿ," ಎಂದಳು ತಲೆ ಎತ್ತದೆ. "ಮುಚ್ಚಳ ಮುಚ್ಚಿ ಬರ್ರಿ, ಕೂಡ್ರಿ. ಏನು ಹೇಳ್ಬೇಕಾಗಿತ್ತು?"